ಗಾಜಿನಂಗಡಿಯ ಚಾಂಪಿಯನ್

ಮಂಜುಗಡ್ಡೆಯ ಮೇಲೆ ಕುಣಿಯುವ ಫಿಗರ್ ಸ್ಕೇಟಿಂಗ್ ಎಂಬ ಆಟದಲ್ಲಿ ನನ್ನ ತಮ್ಮ ದೇಶಕ್ಕೇ ಮೊದಲಿಗ. ಅದೂ ಒಂದು ಸಲವಲ್ಲ, ವರ್ಷದ ಮೇಲೆ ವರ್ಷ. ಪತ್ರಿಕೆಯವರು ಅವನನ್ನು ‘ಹಂಸ’ ಎಂದು ಕರೆಯುತ್ತಿದ್ದರು. ಮನೆಯಲ್ಲಿ ನಾವು ಕರೆಯುತ್ತಿದ್ದದ್ದು ‘ಬಾತುಕೋಳಿ’ ಎಂದು, ಏಕೆಂದರೆ ಅವನು ನೆಲದ ಮೇಲೆ ನಡೆಯುವುದನ್ನು ನೋಡಿದವರು ನಾವು. ಗಾಳಿಯಲ್ಲಿ ಮೂರು ಸುತ್ತು ತಿರುಗಿ ಒಂಟಿ ಕಾಲಿನ ಮೇಲೆ ಇಳಿಯುವ ಪುಣ್ಯಾತ್ಮ, ಬಚ್ಚಲಿನಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಹೊಸ್ತಿಲಿಗೊಮ್ಮೆ, ಕುರ್ಚಿಗೊಮ್ಮೆ ಎಡವುತ್ತಿದ್ದ.

ಅವನ ಕೆಲಸಕ್ಕೆ ಏನು ಹೆಸರು ಹೇಳಬೇಕೆಂದು ಅಮ್ಮನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಪಕ್ಕದ ಮನೆಯಾಕೆ ಒಮ್ಮೆ, “ನಿಮ್ಮ ಮಗ ಏನು ಮಾಡ್ತಾನೆ?” ಎಂದು ಕೇಳಿದಾಗ ಅಮ್ಮ, “ಜಾರ್ತಾನೆ” ಅಂದಳು.

“ಅಯ್ಯೋ ಪಾಪ, ಎಲ್ಲಿ?”

“ಎಲ್ಲಾ ಕಡೆ. ಹೋದ ತಿಂಗಳು ವಿದೇಶಕ್ಕೂ ಹೋಗಿ ಜಾರಿ ಬಂದ.”

ಆಕೆ ಗಾಬರಿಯಾಗಿ ಓಡಿ ಹೋಗಿ ನೋವಿನ ಎಣ್ಣೆಯ ಸೀಸೆ ತಂದುಕೊಟ್ಟಳು. ಅಮ್ಮ ಬೇಡವೆನ್ನಲಿಲ್ಲ. ಮನೆಯಲ್ಲಿ ಆ ಎಣ್ಣೆಗೆ ಯಾವಾಗಲೂ ಖರ್ಚಿತ್ತು.

ನಮ್ಮದು ಗಾಜಿನಂಗಡಿ. ಮುಂದೆ ಅಳತೆ ಬರೆದುಕೊಳ್ಳುವ ಮೇಜು, ಹಿಂದೆ ಹಳೇ ಕಂಬಳಿ ಹೊದಿಸಿದ ಕತ್ತರಿಸುವ ಹಲಗೆ, ಗೋಡೆಗೆ ಒರಗಿ ನಿಂತ ಗಾಜಿನ ಹಾಳೆಗಳು. ಅಂಗಡಿ ತುಂಬ ಗಾಜು ಕೂರಿಸಲು ಮೆತ್ತುವ ಪುಟ್ಟಿಯ ವಾಸನೆ. ಮನೆಯಲ್ಲಿ ಎಲ್ಲರ ಬೆರಳಿಗೂ ಸದಾ ಒಂದಲ್ಲ ಒಂದು ಬ್ಯಾಂಡೇಜು. ಅಪ್ಪ ನಮ್ಮಿಬ್ಬರಿಗೂ ಅಕ್ಷರ ಕಲಿಸುವ ಮೊದಲು ಕಲಿಸಿದ್ದು ಒಂದೇ ಪಾಠ: ಗಾಜು ಹೊತ್ತವನು ಬಿದ್ದರೂ ಕೈ ಊರಬಾರದು. ಬೀಳುವವರು ಯಾರಾದರೂ ಕೈ ಊರುತ್ತಾರೆ, ಅದು ಮನುಷ್ಯನ ಗುಣ. ಆದರೆ ಕೈ ಊರಬೇಕಾದರೆ ಗಾಜು ಬಿಡಬೇಕಲ್ಲ! ಹಾಗಾಗಿ ನಮ್ಮ ಮನೆಯವರು ಬೀಳುವಾಗ ಎರಡೂ ತೋಳು ಮುಂದಕ್ಕೆ ಚಾಚಿ, ಗಲ್ಲ ಎತ್ತಿ, ಬಲು ಗಂಭೀರವಾಗಿ ಕುಂಡೆಯ ಮೇಲೆ ಬೀಳುತ್ತೇವೆ. ನೋಡಿದವರಿಗೆ ನಗು ತಡೆಯಲಾಗುವುದಿಲ್ಲ. ನಕ್ಕರೆ ನಗಲಿ, ಗಾಜು ಉಳಿಯುತ್ತದೆ.

ಊರಿನ ಐಸ್ ಮೈದಾನದ ಸುತ್ತ ಎದೆಯೆತ್ತರದ ಗಾಜಿನ ಗೋಡೆಯಿದೆ. ಅದು ಆಗಾಗ ಬಿರುಕು ಬಿಡುತ್ತದೆ, ನಾವು ಬದಲಾಯಿಸುತ್ತೇವೆ. ತಮ್ಮ ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಒಂದು ದಿನ ಅಪ್ಪ ಅವನ ಕೈಗೆ ಗಾಜಿನ ಹಾಳೆಯೊಂದನ್ನು ಕೊಟ್ಟು, “ಆ ಕಡೆ ತಗೊಂಡು ಹೋಗು” ಅಂದರು. ಸುತ್ತಿ ಹೋಗಬೇಕಿತ್ತು. ನಮ್ಮ ಜಾಣ ಅಡ್ಡ ದಾರಿ ಹಿಡಿದು ನೇರ ಮಂಜಿಗೇ ಇಳಿದ, ಅದೂ ರಬ್ಬರ್ ಚಪ್ಪಲಿಯಲ್ಲಿ. ಅವನು ಜಾರಿದ, ಜಾರುತ್ತಲೇ ಹೋದ, ನಡುವೆ ಒಮ್ಮೆ ಪೂರ್ತಿ ತಿರುಗಿ ಬೆನ್ನು ಮುಂದಾಗಿ ಹೋದ, ಆಚೆ ತುದಿಯಲ್ಲಿ ತೋಳು ಚಾಚಿಕೊಂಡೇ ಪೊತ್ತೆಂದು ಕೂತ. ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಅಲ್ಲಿ ಸ್ಕೇಟಿಂಗ್ ಕಲಿಸುತ್ತಿದ್ದ ಮೇಷ್ಟ್ರು ಕಣ್ಣುಬಾಯಿ ಬಿಟ್ಟುಕೊಂಡು ಓಡಿ ಬಂದರು. “ಈ ತೋಳು! ಇಂಥ ತೋಳು ಕಲಿಸೋಕೆ ನಾನು ಹತ್ತು ವರ್ಷದಿಂದ ಒದ್ದಾಡ್ತಿದೀನಿ. ಈ ಹುಡುಗನ್ನ ನನಗೆ ಕೊಡಿ.”

“ಹುಡುಗನ್ನ ತಗೊಳ್ಳಿ,” ಅಂದರು ಅಪ್ಪ. “ಗಾಜು ಮಾತ್ರ ಇಲ್ಲಿ ಕೊಡಿ.”

ಹೀಗೆ ಶುರುವಾಯಿತು. ಮೊದಲ ಸಲ ದೇಶದ ಚಾಂಪಿಯನ್ ಆಗಿ ಪದಕ ಹಿಡಿದು ಬಂದಾಗ ತಮ್ಮನಿಗೆ ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ. ಊಟಕ್ಕೆ ಕೂತಾಗ, ಇನ್ನು ಅಂಗಡಿಗೆ ಬರಲು ಆಗುವುದಿಲ್ಲ ಎಂದು ಹೇಳಿದ. ಅಪ್ಪ ತುತ್ತು ಬಾಯಿಗಿಟ್ಟು, ಅಗಿದು, ನುಂಗಿ, ನೀರು ಕುಡಿದು ಆಮೇಲೆ ತೀರ್ಪು ಕೊಟ್ಟರು.

“ಸರಿ. ಗೆಲ್ಲೋವರೆಗೂ ಕುಣಿ. ಸೋತ ದಿನ ನಾಟಕ ಮುಗೀತು. ಮಾರನೇ ದಿನ ಬೆಳಿಗ್ಗೆ ಬಂದು ಅಂಗಡಿ ಬಾಗಿಲು ತೆಗಿ. ಅಂಗಡಿ ನಿಂದು. ಅಲ್ಲಿವರೆಗೂ ಇವಳು ನೋಡ್ಕೋತಾಳೆ.”

ಇವಳು ಎಂದರೆ ನಾನು. ‘ಅಲ್ಲಿವರೆಗೂ’! ಒಂದು ಪದ ನೋಡಿ. ಆ ಪದದೊಳಗೆ ನಾನು ಸಂಸಾರ ಹೂಡಿದ ಹಾಗೆ ಇದ್ದೆ. ಆಗಲೇ ಅಂಗಡಿಯ ಲೆಕ್ಕ ನನ್ನದು, ಕತ್ತರಿಸುವುದು ನನ್ನದು, ಗಿರಾಕಿಗಳ ಜತೆ ಜಗಳವೂ ನನ್ನದೇ. ಸುತ್ತಿಬಳಸಿ ಮಾತಾಡುವ ಅಭ್ಯಾಸ ನನಗಿಲ್ಲ: ಆ ಅಂಗಡಿ ನನಗೆ ಬೇಕಿತ್ತು. ವಜ್ರದ ಮೊನೆಯಿಂದ ಗೆರೆ ಎಳೆದು, ಅಂಚಿಗೆ ಹಗುರವಾಗಿ ತಟ್ಟಿದಾಗ ಗಾಜು ಟಕ್ಕೆಂದು ಎರಡಾಗುತ್ತದಲ್ಲ, ಆ ಸದ್ದಿಗೆ ನನ್ನ ಮೈ ಇವತ್ತಿಗೂ ಜುಮ್ಮೆನ್ನುತ್ತದೆ. ಲೋಕಕ್ಕೆಲ್ಲ ಗದರುವ ನಾನು ಅಪ್ಪನ ಮುಂದೆ ಮಾತ್ರ ‘ನನಗೆ ಕೊಡಿ’ ಅನ್ನಲಿಲ್ಲ. ಕೇಳಿದರೆ ಅವರು ನಕ್ಕುಬಿಡುತ್ತಾರೆ ಅನ್ನಿಸುತ್ತಿತ್ತು. ಬೈದರೆ ತಡೆದುಕೊಳ್ಳುತ್ತಿದ್ದೆ, ನಕ್ಕರೆ ತಡೆದುಕೊಳ್ಳುತ್ತಿರಲಿಲ್ಲ.

ಹಾಗಾಗಿ ನನಗೆ ಉಳಿದದ್ದು ಒಂದೇ ದಾರಿ. ತಮ್ಮ ಸೋಲಬಾರದು. ಎಂದೆಂದಿಗೂ.

ಅವನನ್ನು ಬೆಳಗಿನ ಜಾವ ಎಬ್ಬಿಸುವವಳು ನಾನು, ಹೊದಿಕೆ ಎಳೆದು, ಆಗದಿದ್ದರೆ ನೀರು ಚಿಮುಕಿಸಿ. ಸ್ಕೇಟಿಂಗ್ ಬೂಟಿನ ಅಲಗು ಮಸೆದುಕೊಡುವವಳು ನಾನು. ಗಾಜಿನ ಅಂಚು ಉಜ್ಜುವವಳಿಗೆ ಅದೇನು ಮಹಾ. ಮಂಡಿಗೆ ಎಣ್ಣೆ ತಿಕ್ಕುವವಳೂ ನಾನೇ. “ಎಂಥಾ ಅಕ್ಕ! ತಮ್ಮನಿಗೋಸ್ಕರ ಜೀವ ತೇಯ್ತಾಳೆ” ಎಂದು ಬೀದಿಯೆಲ್ಲ ಹೊಗಳುತ್ತಿತ್ತು. ನಾನು ತಲೆ ತಗ್ಗಿಸಿ ಹೊಗಳಿಕೆ ತೆಗೆದುಕೊಳ್ಳುತ್ತಿದ್ದೆ. ಬಿಟ್ಟಿ ಬಂದದ್ದನ್ನು ಯಾಕೆ ಬಿಡಲಿ?

ಸ್ಪರ್ಧೆಗೆ ಹಾಕಿಕೊಳ್ಳುವ ಅಂಗಿಯ ತುಂಬ ಮಿಣಮಿಣ ಹರಳು. ಮೊದಲ ಸಲ ಅದನ್ನು ಕಂಡಾಗ ಅಮ್ಮ, “ಅಯ್ಯೋ, ಮೈಮೇಲೆ ಗಾಜು ಒಡ್ಕೊಂಡಿದಾನೆ!” ಎಂದು ಪೊರಕೆ ಹಿಡಿದು ಬಂದಿದ್ದಳು. ಅಪ್ಪನಂತೂ ಬೇರೆ ಊರುಗಳ ಸ್ಪರ್ಧೆಗೆ ಬಂದರೂ ಮಗನನ್ನು ನೋಡುತ್ತಿರಲಿಲ್ಲ. ಇಡೀ ಹೊತ್ತು ಅವರ ಕಣ್ಣು ಮೈದಾನದ ಸುತ್ತಲಿನ ಗಾಜಿನ ಗೋಡೆಯ ಮೇಲೆ. ಮಗ ಗಾಳಿಯಲ್ಲಿ ತಿರುಗುತ್ತಿದ್ದರೆ ಇವರು ನನ್ನ ಪಕ್ಕೆ ತಿವಿದು, “ಆ ಮೂಲೇಲಿ ಗಾಜಿನ ಅಂಚಿನ ರಬ್ಬರ್ ಸರಿಯಾಗಿ ಕೂತಿಲ್ಲ ನೋಡು. ಯಾವ ಕತ್ತೆ ಕೂರಿಸಿದ್ದು?” ಅನ್ನುತ್ತಿದ್ದರು.

ಒಂದು ವರ್ಷ ಈ ಅಪ್ಪನಿಂದಲೇ ಎಲ್ಲ ಮುಳುಗಿಹೋಗುವುದರಲ್ಲಿತ್ತು. ತಮ್ಮ ಬೆನ್ನು ಮುಂದಾಗಿ ಜೋರಾಗಿ ಬರುತ್ತಿದ್ದಾನೆ, ಬರುತ್ತಿರುವುದು ಅಂಥದೇ ಒಂದು ಸಡಿಲ ಗಾಜಿನ ಕಡೆಗೇ. ಅಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಬೀದಿಯಲ್ಲಿ ಜನರನ್ನು ಸರಿಸಲು ಕೂಗುವ ಅದೇ ಗಂಟಲಿನಲ್ಲಿ “ಗಾಜೂ! ಗಾಜು!” ಎಂದು ಕಿರುಚಿದರು. ಹುಟ್ಟಿದಾಗಿನಿಂದ ಕೇಳಿದ ಕೂಗು. ತಮ್ಮ ಇದ್ದಲ್ಲೇ ಗಕ್ಕನೆ ನಿಂತ. ತೋಳು ಚಾಚಿ, ಗಲ್ಲ ಎತ್ತಿ, ಉಸಿರು ಬಿಗಿಹಿಡಿದು. ಸಂಗೀತ ತನ್ನ ಪಾಡಿಗೆ ಮುಂದೆ ಹೋಯಿತು. ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ. ಹೋಯಿತು, ಅಂಗಡಿ ಹೋಯಿತು!

ಆಮೇಲೆ ಅವನು ಮೆಲ್ಲಗೆ ಚಲಿಸಿ, ಸಂಗೀತವನ್ನು ಹಿಡಿದು, ಮುಗಿಸಿದ. ತೀರ್ಪುಗಾರರಲ್ಲಿ ಒಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಂಥ ಅಂಕ ಅವನಿಗೆ ಹಿಂದೆಂದೂ ಬಂದಿರಲಿಲ್ಲ. ಮರುದಿನದ ಪತ್ರಿಕೆಯಲ್ಲಿ ‘ಆ ನಿಶ್ಚಲ ಕ್ಷಣ’ ಎಂದು ದೊಡ್ಡ ಲೇಖನ. ಮೇಷ್ಟ್ರು ಅಂಗಡಿಗೇ ಬಂದು, “ಮುಂದಿನ ವರ್ಷಾನೂ ದಯವಿಟ್ಟು ಕೂಗಬೇಕು” ಎಂದು ಅಪ್ಪನಿಗೆ ಕೈಮುಗಿದರು. “ಗಾಜು ಸರಿಯಾಗಿ ಕೂರಿಸಿದ್ರೆ ನಾನ್ಯಾಕ್ರೀ ಕೂಗಲಿ?” ಎಂದು ಅಪ್ಪ ಅವರನ್ನೇ ಗದರಿದರು.

ಹೀಗೆ ಗೆಲ್ಲುತ್ತ ಗೆಲ್ಲುತ್ತ ತಮ್ಮನಿಗೆ ಮೂವತ್ತು ದಾಟಿತು. ಆ ಆಟದಲ್ಲಿ ಮೂವತ್ತೆಂದರೆ ಮುಪ್ಪು. ಎಡ ಮಂಡಿ ಊದಿಕೊಳ್ಳತೊಡಗಿತು. ಎಣ್ಣೆ ತಿಕ್ಕುವಾಗ ಒಳಗೆ ಏನೋ ಕಟಕಟ ಅನ್ನುವುದು ನನ್ನ ಕೈಗೇ ತಿಳಿಯುತ್ತಿತ್ತು. “ನೋಯುತ್ತೇನೋ?” ಎಂದರೆ “ಇಲ್ಲಕ್ಕ” ಅನ್ನುತ್ತಿದ್ದ. ನೋಯುವುದಿಲ್ಲ ಅಂದಮೇಲೆ ನಾನು ಇನ್ನಷ್ಟು ತಿಕ್ಕಿ, ಹೊದಿಕೆ ಎಳೆದು, ಮೈದಾನಕ್ಕೆ ಅಟ್ಟುತ್ತಿದ್ದೆ.

ಕೊನೆಯ ಸ್ಪರ್ಧೆಯ ದಿನ ಅವನಿಗಿಂತ ಮೊದಲು ಮೇಷ್ಟ್ರ ಇನ್ನೊಬ್ಬ ಶಿಷ್ಯ, ಎಳೇ ಪ್ರಾಯದವನು, ಬುಗುರಿಯ ಹಾಗೆ ತಿರುಗಿ ಹೋದ. ಆಮೇಲೆ ನಮ್ಮವನು. ಮೊದಲರ್ಧ ಚೆನ್ನಾಗಿಯೇ ಹೋಯಿತು. ನಾನು ಸೀಟಿನ ಹಿಡಿಯನ್ನು ಕಿತ್ತುಬರುವ ಹಾಗೆ ಹಿಡಿದಿದ್ದೆ. ದೊಡ್ಡ ನೆಗೆತಕ್ಕೆ ಓಡಿ ಬಂದ, ಹಾರಿದ, ತಿರುಗಿದ, ಇಳಿದ. ಎಡ ಮಂಡಿ ಕೈಕೊಟ್ಟಿತು. ಆಗ ನನ್ನ ತಮ್ಮ, ನಮ್ಮ ವಂಶದಲ್ಲಿ ಯಾರೂ ಮಾಡದ ಕೆಲಸ ಮಾಡಿದ. ಕೈ ಊರಿದ. ಎರಡೂ ಅಂಗೈ ಮಂಜಿನ ಮೇಲೆ. ಸಭೆಗೆಲ್ಲ ಅದು ಒಂದು ಸಣ್ಣ ತಪ್ಪು. ನನ್ನ ಪಕ್ಕದಲ್ಲಿದ್ದ ಅಪ್ಪ ಮಾತ್ರ “ಹಾ!” ಅಂದರು. ಗೋಡೆ ಬಿಟ್ಟು ಮಗನನ್ನು ಅವರು ನೋಡಿದ್ದು ಅದೇ ಮೊದಲು.

ಅವನಿಗೆ ಎರಡನೇ ಸ್ಥಾನ ಬಂತು. ಮನೆಗೆ ಬರುವ ದಾರಿಯಲ್ಲಿ ಅಮ್ಮ, “ಎರಡನೇದು ಅಂದ್ರೆ ಒಂದಕ್ಕಿಂತ ಜಾಸ್ತಿ ಅಲ್ವೇನೋ?” ಎಂದು ಸಮಾಧಾನ ಹೇಳಿ ನೋಡಿದಳು.

ಮಾರನೇ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅಂಗಡಿಯ ಬಾಗಿಲು ತೆರೆದಿತ್ತು. ಅಪ್ಪ ಮೇಜಿನ ಮುಂದೆ ಕೂತಿದ್ದರು. ತಮ್ಮ ನನ್ನ ಚರ್ಮದ ಕೈಗವಸು ಹಾಕಿಕೊಂಡು, ಕುಂಟುತ್ತ, ಹಾಳೆಯೊಂದನ್ನು ಎತ್ತಲು ಬಾಗಿದ್ದ. ನನ್ನ ಕೈಗವಸು! ಪಿತ್ತ ನೆತ್ತಿಗೇರಿತು.

“ಇಳಿಸೋ ಅದನ್ನ.”

ಅವನು ಇಳಿಸಿ ನನ್ನ ಕಡೆ ತಿರುಗಿದ. “ಬೈಬೇಡ ಅಕ್ಕ. ನನ್ನ ಕೈಲಾದಷ್ಟು ದಿನ ತಳ್ಳಿದೆ. ಡಾಕ್ಟರು ಯಾವತ್ತೋ ಬಿಟ್ಬಿಡು ಅಂದಿದ್ರು.”

“ಯಾವತ್ತೋ ಅಂದ್ರೆ?”

“ಆಗ್ಲೇ ಎಷ್ಟೋ ವರ್ಷ ಆಯ್ತು. ನಾನು ಸೋತ್ರೆ ಅಂಗಡಿ ನಿನ್ನ ಕೈ ತಪ್ಪುತ್ತಲ್ಲ. ಅದಕ್ಕೇ ಹೇಳಲಿಲ್ಲ.”

ಪ್ರತಿದಿನ ಆ ಮಂಡಿ ತಿಕ್ಕಿದವಳು ನಾನು. ಅವನು ನನಗೋಸ್ಕರ ನೆಗೆಯುತ್ತಿದ್ದಾನೆಂದು ಗೊತ್ತಾಗದೆ, ಅವನನ್ನು ನನಗೋಸ್ಕರ ನೆಗೆಸುತ್ತಿದ್ದೆ. ಅಳು ಬರುವುದರಲ್ಲಿತ್ತು. ನನಗೆ ಅಳು ಬಂದರೆ ಅದಕ್ಕೆ ಮೊದಲು ಕೋಪ ಬರುತ್ತದೆ, ಆ ಕೋಪ ಅಪ್ಪನ ಕಡೆ ತಿರುಗಿತು.

“ಅಪ್ಪ, ಅಂಗಡಿ ನಂದು.”

ಅಪ್ಪ ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಇವನು ಇಲ್ಲಿ ಕೆಲಸ ಮಾಡಲ್ಲ. ಆ ಮಂಡೀಲಿ ಒಂದು ಕಿಟಕಿ ಗಾಜೂ ಹೊರಬಾರದು. ಮೇಷ್ಟ್ರ ಹತ್ರ ಹೋಗಿ ಮಕ್ಕಳಿಗೆ ಕಲಿಸ್ಲಿ, ಇಲ್ಲಾ ಮನೇಲಿ ಬಿದ್ಕೊಳ್ಳಲಿ. ಅಂಗಡಿ ನಂದು ಅಂದ್ರೆ ಅವನು ಬರೋವರೆಗೆ ಮಾತ್ರ ಅಲ್ಲ, ಯಾವತ್ತಿಗೂ ನಂದು. ನಗಬೇಕಾದ್ರೆ ನಕ್ಕುಬಿಡಿ.”

ಅಪ್ಪ ನಗಲಿಲ್ಲ. ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿದರು. “ನಿನಗೆ ಇದು ಹೊರೆ ಅಂದ್ಕೊಂಡಿದ್ದೆ ಕಣೇ,” ಅಂದರು. “ಅವನು ಬಂದ್ರೆ ನಿನಗೆ ಬಿಡುಗಡೆ ಸಿಗುತ್ತೆ ಅಂತ ಕಾಯ್ತಿದ್ದೆ. ಬಾಯ್ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?”

“ಬಾಯ್ಬಿಟ್ಟು ಕೇಳೋಕೆ ನಿಮಗೇನಾಗಿತ್ತು?”

ತಮ್ಮ ಮೂಲೆಯ ಸ್ಟೂಲಿನ ಮೇಲೆ ಕುಸಿದು ಕೂತು ನಗತೊಡಗಿದ, ನಗುತ್ತ ನಗುತ್ತ ಅತ್ತುಬಿಟ್ಟ. ನಾನು ಅವನ ಕೈಯಿಂದ ಕೈಗವಸು ಕಿತ್ತುಕೊಂಡೆ, ತಲೆಗೊಂದು ಮೊಟಕಿದೆ, ಆಮೇಲೆ ಆ ತಲೆಯನ್ನೇ ಹೊಟ್ಟೆಗೆ ಒತ್ತಿಕೊಂಡು ನಿಂತೆ.

“ಹಾಗಾದ್ರೆ ನಾನೇನು ಮಾಡಲಿ?” ಎಂದು ಅಪ್ಪ ಕೇಳಿದರು. ಆ ಅಂಗಡಿಯಲ್ಲಿ ಅವರು ಯಾರನ್ನೂ ಹಾಗೆ ಕೇಳಿದ್ದನ್ನು ನಾನು ಕೇಳಿರಲಿಲ್ಲ.

ಕ್ಷೌರದಂಗಡಿಗೆ ಹೋಗಬೇಕಿದ್ದ ಆಳೆತ್ತರದ ಕನ್ನಡಿಯೊಂದು ಬಾಗಿಲ ಬಳಿ ಸಿದ್ಧವಾಗಿತ್ತು. ಅಂಥದ್ದನ್ನು ಇಬ್ಬರು ಹೊರಬೇಕು. ಮುಂದೆ ಹಿಡಿದವರು ದಾರಿ ಹೇಳಬೇಕು, ಹಿಂದೆ ಹಿಡಿದವರು ಕೇಳಬೇಕು. ಇಷ್ಟು ವರ್ಷವೂ ಮುಂದೆ ಅಪ್ಪ, ಹಿಂದೆ ನಾನು. ನಾನು ಕೈಗವಸು ಹಾಕಿಕೊಳ್ಳುವಷ್ಟರಲ್ಲಿ ಅವರು ಎದ್ದು ಬಂದು ಹಿಂದಿನ ತುದಿಗೆ ಹೋಗಿ ನಿಂತರು. ಎತ್ತಿದೆವು. ಬೀದಿಗೆ ಇಳಿದಾಗ ಬೆನ್ನ ಹಿಂದಿನಿಂದ ಅಪ್ಪನ ಗಂಟಲು ಕೇಳಿಸಿತು.

“ಎಡಕ್ಕಾ, ಬಲಕ್ಕಾ? ಹೇಳಮ್ಮ.”