ಸಾವಿನ ಮನೆಯಿಂದ ಏಳುವ ರೀತಿ

1938ರ ಸುಮಾರಿಗೆ ನಾನು ಶಹಾಬಾದಿನಲ್ಲಿ ಫರ್ಸಿಯ ಗುತ್ತೇದಾರನಾಗಿದ್ದೆ. ಫರ್ಸಿ ಅಂದರೆ ಖಣಿಯಿಂದ ತೆಗೆದ ಹಾಸುಗಲ್ಲು; ಅದನ್ನು ವಾಡಿ ಸ್ಟೇಷನ್ನಿಗೆ ಸಾಗಿಸಿ ವ್ಯಾಗನ್ ತುಂಬಿಸುವುದು ನನ್ನ ಕೆಲಸ. ಗುತ್ತೆಯನ್ನು ವರ್ಷ ವರ್ಷ ಹೊಸದಾಗಿ ಕೊಡುವವರು ವಾಡಿಯ ಇಂಗ್ಲಿಷ್ ಇಂಜಿನಿಯರ್ ಸಾಹೇಬರು. ನಡುವೆ ಮಾತು ದಾಟಿಸುವವನು ಮುನ್ಷಿ ಶಂಕರಪ್ಪ. ಆ ಗುತ್ತೆ ತನ್ನ ಅಳಿಯನಿಗೆ ಸಿಗಬೇಕೆಂದು ಅವನ ಆಸೆ. ನನ್ನ ಮುಖ ಕಂಡರೆ ಅವನಿಗಾಗದು, ಅವನದು ನನಗೂ ಆಗದು.

ನಾನು ಶಾಲೆ ಕಂಡವನಲ್ಲ. ಆದರೆ ಸಾಹೇಬರ ಜೊತೆ ವ್ಯವಹಾರ ಮಾಡುವವನಿಗೆ ಸಂದರ್ಭಕ್ಕೊಂದು ಇಂಗ್ಲಿಷ್ ಮಾತು ಬೇಕೇ ಬೇಕು. ಹುಟ್ಟಿದ ದಿನಕ್ಕೆ 'ಮೆನಿ ಹ್ಯಾಪಿ ರಿಟರ್ನ್ಸ್', ಸಾವಿಗೆ 'ಮೈ ಡೀಪೆಸ್ಟ್ ಕಂಡೋಲೆನ್ಸಸ್', ಹೊರಡುವಾಗ 'ಗುಡ್ ಡೇ ಸರ್, ಐ ಶಲ್ ಕಾಲ್ ಅಗೇನ್'. ಟಿಕೆಟ್ ಬಾಬುವಿಗೆ ಚಹಾ ಕುಡಿಸಿ ಎಲ್ಲವನ್ನೂ ಬಾಯಿಪಾಠ ಮಾಡಿದ್ದೆ, ಅರ್ಥ ಕೇಳಿಕೊಂಡೇ.

ಗುತ್ತೆ ಹೊಸದಾಗುವ ವಾರವೇ ಸಾಹೇಬರ ತಾಯಿ ವಿಲಾಯತಿಯಲ್ಲಿ ತೀರಿದ ತಂತಿ ಬಂತು. ಗುತ್ತೇದಾರರೆಲ್ಲ ಬಂಗಲೆಗೆ ಹೋದೆವು. ಕಂಡೋಲೆನ್ಸಿನ ಮಾತು ತಪ್ಪಿಲ್ಲದೆ ಹೇಳಿ ಕುಳಿತೆ. ಏಳುವಾಗ ಉಳಿದವರು ಗುಡ್ ಡೇ ಹೇಳಿದರು. ನಾನು ಕಲಿತ ಮಾತಿನ ಕೊನೆಗೆ 'ಮತ್ತೆ ಬರ್ತೀನಿ' ಎಂದಿತ್ತು, ನನ್ನ ನಾಲಿಗೆ ಏಳಲಿಲ್ಲ. ಸಾವಿನ ಮನೆಯಲ್ಲಿ ಹಾಗೆ ಅಂದರೆ ಇನ್ನೊಂದು ಸಾವನ್ನು ಕರೆದಂತೆ ಎಂಬುದು ನಮ್ಮವರ ನಂಬಿಕೆ. ಸುಮ್ಮನೆ ಹೊರಬಿದ್ದೆ.

ಮರುದಿನ ಕಚೇರಿಗೆ ಕರೆ ಬಂತು. ಸಾಹೇಬರು ಕೂರಲು ಹೇಳಲಿಲ್ಲ. ಮುನ್ಷಿಯೇ ಮಾತಾಡಿದ.

"ಸಾಹೇಬರ ತಾಯಿ ಸತ್ತಾರ, ನೀ ಒಂದು ಸಲಾಂ ಸುದ್ದಾ ಮಾಡಲಾರದೆ ಎದ್ದು ಹೋದಿ. ಭಾಳ ಸೊಕ್ಕು ಬಂದದ ನಿನಗ. ಈ ವರ್ಷ ಗುತ್ತಾ ಬ್ಯಾರೆದವರಿಗಿ ಕೊಡ್ಲಿಕತ್ತಾರ."

"ಬ್ಯಾರೆದವರು ಅಂದ್ರ ನಿಮ್ಮ ಅಳಿಯ ಏನ್ರಿ?"

"ಬಾಯಿ ಬಿಗಿ ಹಿಡಿ."

ಅವನನ್ನು ಬಿಟ್ಟು ಸಾಹೇಬರ ಕಡೆ ತಿರುಗಿದೆ. ಅವರಿಗೆ ಉರ್ದು ತಕ್ಕಮಟ್ಟಿಗೆ ತಿಳಿಯುತ್ತಿತ್ತು. ನಮ್ಮ ಪದ್ಧತಿಯನ್ನು ಉರ್ದುವಿನಲ್ಲೇ ಬಿಡಿಸಿ ಹೇಳಿ, ಅವರಿಗೆ ಕೇಳುವಂತೆ ಅದೇ ಭಾಷೆಯಲ್ಲಿ ಮುನ್ಷಿಯನ್ನು ಕೇಳಿದೆ: "ಶಂಕರಪ್ಪನವರೇ, ಹೋದ ಮಳೆಗಾಲ ನಿಮ್ಮ ತಾಯಿ ತೀರಿದಾಗ ಸೇಡಮಿನ ನಿಮ್ಮ ಮನೆಗೆ ಬಂದಿದ್ದೆ. ಏಳುವಾಗ ಬರ್ತೀನಿ ಅಂದಿದ್ದೆನೇ? ಅಂದಿದ್ದರೆ ನನ್ನನ್ನು ಬಿಡುತ್ತಿದ್ದಿರೇ?"

ಸಾಹೇಬರು ಮುನ್ಷಿಯತ್ತ ತಿರುಗಿ "ಜವಾಬ್ ದೋ", ಉತ್ತರ ಕೊಡು, ಅಂದರು. ಅಂದಿರಲಿಲ್ಲ ಎಂದು ಅವನು ಒಪ್ಪಲೇಬೇಕಾಯಿತು. ಗುತ್ತೆ ನನಗೇ ಉಳಿಯಿತು.

ವ್ಯಾಪಾರಕ್ಕೆ ಇಳಿಯುವವರಿಗೆ ನನ್ನ ಮಾತು ಇಷ್ಟೇ: ಪರರ ಮಾತು ಕಲಿಯಿರಿ. ಅದನ್ನು ಆಡದೆ ಬಿಟ್ಟರೆ, ಯಾಕೆ ಬಿಟ್ಟಿರೆಂದು ಅಲ್ಲೇ ನೀವೇ ಹೇಳಿಬಿಡಿ. ನೀವು ಖಾಲಿ ಬಿಟ್ಟ ಜಾಗದಲ್ಲಿ ನಿಮಗಾಗದವನು ತನ್ನ ಮಾತು ತುಂಬುತ್ತಾನೆ.

ಮುನ್ಷಿ ಆ ಕಚೇರಿಯಲ್ಲಿ ಇರುವ ತನಕ ಅವನ ಮೇಜಿನಿಂದ ಏಳುವಾಗ ನಾನು 'ಬರ್ತೀನಿ' ಅನ್ನಲಿಲ್ಲ. ಅದರ ಅರ್ಥವನ್ನು ಅವನಿಗೆ ಯಾರೂ ದಾಟಿಸಿ ಹೇಳಬೇಕಾಗಿರಲಿಲ್ಲ.