ಗುರಾಣಿ ಹಿಡಿದ ಇಸ್ತ್ರಿಯಮ್ಮ

ದೊಡ್ಡ ಹೋಟೆಲೊಂದರ ಬಟ್ಟೆ ಕೋಣೆಯಲ್ಲಿ ಆಯುಷ್ಯ ಸವೆಸಿದ ಹೆಂಗಸಿಗೆ ಇಸ್ತ್ರಿಯಮ್ಮ ಎಂಬ ಹೆಸರು ಅಂಟಿಕೊಂಡದ್ದರಲ್ಲಿ ಸೋಜಿಗವೇನೂ ಇಲ್ಲ. ನೆಲಮಾಳಿಗೆಯ ಆ ಕೋಣೆಯಲ್ಲಿ ಮಂಚದಷ್ಟು ಅಗಲದ ಬಿಸಿ ಉರುಳೆಯ ಯಂತ್ರವೊಂದಿತ್ತು. ಈಚೆ ಇಬ್ಬರು ನಿಂತು ಒದ್ದೆ ಚಾದರದ ಎರಡು ಮೂಲೆ ಹಿಡಿದು ಉರುಳೆಗೆ ಕೊಡಬೇಕು; ಆಚೆ ಇಬ್ಬರು ನಿಂತು, ಅದು ಒಣಗಿ ಬರುವಾಗ ಹಿಡಿದು ಮಡಿಸಬೇಕು. ಕೊಡುವವರು ಯಾರು, ಮಡಿಸುವವರು ಯಾರು, ಕಲೆ ತೆಗೆಯುವ ತೊಟ್ಟಿಯ ಮುಂದೆ ನಿಲ್ಲುವವರು ಯಾರು ಎಂದು ಬೆಳಿಗ್ಗೆ ಹಂಚಿಕೊಡುತ್ತಿದ್ದವರು ಇಸ್ತ್ರಿಯಮ್ಮ. ಹೊಸದಾಗಿ ಸೇರಿದವಳ ಮುಖವನ್ನು ಅವರು ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಬಾಯಿಯಂತೂ ಉರುಳೆಗಿಂತ ಬಿಸಿ. ಬೈಸಿಕೊಳ್ಳದೆ ಅಲ್ಲಿ ಯಾರೂ ಕೆಲಸ ಕಲಿತವರಲ್ಲ.

ನಿವೃತ್ತಿಯಾದ ಮೇಲೆ ಮಗಳು ಬಂದು ತನ್ನ ಮನೆಗೆ ಕರೆದುಕೊಂಡು ಹೋದಳು. ಅಲ್ಲಿಗೆ ಇಸ್ತ್ರಿಯಮ್ಮನ ಕೈಗೆ ಕೆಲಸ ತಪ್ಪಿತು. ಪಾತ್ರೆಗೆ ಕೈ ಹಾಕಿದರೆ "ಬಿಡಮ್ಮ, ನಾನೇ ಮಾಡ್ತೀನಿ" ಎನ್ನುತ್ತಿದ್ದಳು. ಅಳಿಯ ಸಾಮಾನು ತರಲು ಅಂಗಡಿಗೆ ಹೊರಟರೆ ಅವನಿಗೂ ಅದೇ ಮಾತು. ಅವಳು ಮನೆ ನಡೆಸುತ್ತಿದ್ದಳು ಅನ್ನಿ, ಅವಳೇ ಮನೆಯಾಗಿದ್ದಳು ಅನ್ನಿ, ಅಳಿಯ ಅಲ್ಲ ಮಗಳ ಗಂಡ ಎಂದ ಹಾಗೆ ಎರಡೂ ಒಂದೇ.

ಅಳಿಯ ಲಿಫ್ಟ್ ರಿಪೇರಿಯವನು. ದಿನವಿಡೀ ಕತ್ತಲ ಬಾವಿಯಂಥ ಜಾಗದಲ್ಲಿ ತಂತಿ, ಗ್ರೀಸು, ರಾಟೆಗಳ ನಡುವೆ ಒಬ್ಬನೇ ಇದ್ದು, ಮಾತು ಎನ್ನುವುದು ಒಂದಿದೆ ಎಂಬುದನ್ನೇ ಮರೆತಂತಿದ್ದ. ಅತ್ತೆಗೂ ಅವನಿಗೂ ಜಗಳವಿರಲಿಲ್ಲ, ಸಲುಗೆಯೂ ಇರಲಿಲ್ಲ. ಅತ್ತೆಗೆ ಸೆಕೆಯಾದರೆ ಮಗಳಿಗೆ ಹೇಳುವರು, ಮಗಳು ಗಂಡನಿಗೆ ಹೇಳುವಳು, ಅವನು ಎದ್ದು ಫ್ಯಾನ್ ಜೋರು ಮಾಡುವನು. ಅತ್ತೆ ಕೂತಿರುತ್ತಿದ್ದುದು ಅದೇ ಕೋಣೆಯಲ್ಲಿ, ಅವನಿಂದ ನಾಲ್ಕು ಮೊಳ ದೂರದಲ್ಲಿ.

ಸಂಜೆ ಊಟವಾದ ಮೇಲೆ ಗಂಡ ಹೆಂಡತಿ ಟಿವಿ ಮುಂದೆ ಕೂತು ಒಂದು ವಿಡಿಯೋ ಆಟ ಆಡುತ್ತಿದ್ದರು. ಹಳೆಯ ಕಾಲದ ರಾಜರು, ಕೋಟೆ, ಕತ್ತಿಗಳ ಆಟ. ನಾಲ್ವರ ತಂಡ ಕಟ್ಟಿಕೊಂಡು, ಇಬ್ಬರನ್ನು ಇವನು, ಇಬ್ಬರನ್ನು ಅವಳು ನಡೆಸುತ್ತ, ಕಾಡು ದಾಟಿ ಕೋಟೆ ಹಿಡಿಯಬೇಕು. ಯಾರಿಗೆ ಯಾವ ಪಾತ್ರ ಎಂದು ಹಂಚಿದವಳು ಮಗಳೇ. ಕೆಂಪು ಮೇಲುಹೊದಿಕೆಯ ಕತ್ತಿಯ ಹೆಂಗಸು ತಾನು. ಗಾಯಕ್ಕೆ ಮದ್ದು ಹಾಕುವ ವೈದ್ಯ ಗಂಡ. ಬೀಗ ತೆರೆಯುವ ಕಳ್ಳನಿಗೆ ತನ್ನ ಅಣ್ಣನ ಹೆಸರಿಟ್ಟಿದ್ದಳು. ಚಿಕ್ಕವನಿದ್ದಾಗ ಅವನು ಕಪಾಟಿನ ಬೀಗ ತೆಗೆದು ಸಕ್ಕರೆ ತಿನ್ನುತ್ತಿದ್ದನಂತೆ. ನಾಲ್ಕನೆಯವಳು ಗುರಾಣಿ ಹಿಡಿದ ದಪ್ಪ ಹೆಂಗಸು. ಅವಳ ಹೆಸರು ಅಮ್ಮ. ಹಿಂದೆ ಕುರ್ಚಿಯಲ್ಲಿ ಗುಂಡಿ ಹೊಲಿಯುತ್ತ ಕೂತಿದ್ದ ಇಸ್ತ್ರಿಯಮ್ಮನಿಗೆ ಇದನ್ನು ಹೇಳಿದಾಗ, ನನ್ನನ್ನು ಅಷ್ಟು ದಪ್ಪ ಮಾಡಬೇಕಿತ್ತೇ ಎಂದು ಬೈದಿದ್ದರು.

ಆ ಆಟದಲ್ಲಿ ಒಂದು ನಿಯಮವಿತ್ತು. ಯಾರು ಯಾವ ಕೆಲಸ ಮಾಡುತ್ತಾರೋ ಅವರಿಗೆ ಆ ವಿದ್ಯೆ ಏರುತ್ತದೆ. ಹೊಡೆದವನು ಹೊಡೆಯುವುದನ್ನು ಕಲಿಯುತ್ತಾನೆ, ಏಟು ತಿಂದವನು ತಡೆದುಕೊಳ್ಳುವುದನ್ನು ಕಲಿಯುತ್ತಾನೆ. ಮಗಳ ಸ್ವಭಾವ ಗೊತ್ತಲ್ಲ. ಯಾವ ಶತ್ರು ಬಂದರೂ ಕತ್ತಿಯ ಹೆಂಗಸೇ ಮುಂದೆ ನುಗ್ಗುವಳು. ಗುರಾಣಿ ಹಿಡಿದ ಅಮ್ಮ ಎಲ್ಲರಿಗಿಂತ ಹಿಂದೆ, ಗುರಾಣಿಗೆ ಒಂದು ಗೀರೂ ಬೀಳದಂತೆ ನಿಂತಿರುವಳು. ಯಾರಿಗೂ ಗಾಯವಾಗದ್ದರಿಂದ ವೈದ್ಯನಿಗೂ ಕೆಲಸವಿಲ್ಲ. ಚೀಲ ಹೊತ್ತು ಹಿಂದೆ ಹಿಂದೆ ನಡೆಯುವುದಷ್ಟೇ.

ಒಂದು ಬೆಳಿಗ್ಗೆ ತಲೆನೋವೆಂದು ಮಲಗಿದ ಮಗಳು ಸಂಜೆಗೆ ಇರಲಿಲ್ಲ. ತಲೆಯಲ್ಲಿ ರಕ್ತನಾಳ ಒಡೆದಿತ್ತು ಎಂದರು ಡಾಕ್ಟರು. ಇಸ್ತ್ರಿಯಮ್ಮ ಮಂಚದ ಪಕ್ಕ ನಿಂತು, ಈ ಆಸ್ಪತ್ರೆಯ ಚಾದರದ ಅಂಚು ಸರಿಯಾಗಿ ಒತ್ತಿಲ್ಲ ಎಂದುಕೊಂಡರು. ಬೇರೇನೂ ತೋಚಲಿಲ್ಲ. ಅಳು ಬರಲಿಲ್ಲ. ಅಳಿಯನೂ ಅಳಲಿಲ್ಲ. ನೋಡಿದವರು ಇವರದ್ದೇನು ಕಲ್ಲೆದೆಯೋ ಎಂದು ಆಡಿಕೊಂಡರು. ಆಡುವವರ ಬಾಯಿ ಮುಚ್ಚಿಸಲು ಯಾರಿಂದ ಆದೀತು.

ಆಮೇಲೆ ಮನೆ ಮನೆಯಂತೆಯೇ ಇತ್ತು, ಸದ್ದು ಮಾತ್ರ ಇರಲಿಲ್ಲ. ಅಳಿಯ ಬರುವಾಗ ಬ್ರೆಡ್ಡು, ಮೊಟ್ಟೆ ತಂದು ಮೇಜಿನ ಮೇಲಿಡುತ್ತಿದ್ದ. ಇಸ್ತ್ರಿಯಮ್ಮ ಬೇಯಿಸುತ್ತಿದ್ದರು. ಉಪ್ಪು ಹೆಚ್ಚಾದರೂ ಅವನು ತಿನ್ನುತ್ತಿದ್ದ, ಕಡಿಮೆಯಾದರೂ ತಿನ್ನುತ್ತಿದ್ದ. ಅವರಿಗೂ ರುಚಿ ತಿಳಿಯುತ್ತಿರಲಿಲ್ಲ. ಹಗಲು ಒಗೆದ ಬಟ್ಟೆ ಮಡಿಸುತ್ತಿದ್ದರು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ಒಳಗೆ ಏನೂ ಆಗುತ್ತಿರಲಿಲ್ಲ. ತಮ್ಮ ಕೈಯನ್ನೇ ಚಿವುಟಿ ನೋಡಿಕೊಂಡಿದ್ದೂ ಉಂಟು.

ಮಗನ ಫೋನು ಬಂದದ್ದು ಆ ದಿನಗಳಲ್ಲಿ. ಭಾನುವಾರ ಕಾರು ತರುತ್ತೇನೆ, ಕೋಣೆ ಸಿದ್ಧವಾಗಿದೆ, ಮಗಳೇ ಇಲ್ಲದ ಮೇಲೆ ಅಳಿಯನ ಮನೆಯಲ್ಲಿ ನಿನಗೇನು ಕೆಲಸ ಎಂದ. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಇಸ್ತ್ರಿಯಮ್ಮ ಹೂಂ ಎಂದರು. ಹೋದರೂ ಅಷ್ಟೇ, ಇದ್ದರೂ ಅಷ್ಟೇ ಎಂದುಕೊಂಡರು. ಆದರೆ ಅದು ಪೂರ್ತಿ ನಿಜವಲ್ಲ. ಅವರಿಗೆ ಈ ಮನೆ ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಏಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅಳಿಯ ಒಂದು ಸಲ ‘ಇರಿ’ ಎಂದಿದ್ದರೆ ಸಾಕಿತ್ತು. ಅವನಾಗಿ ಹೇಳುವವನಲ್ಲ, ಇವರಾಗಿ ಕೇಳುವವರಲ್ಲ. ನಡುವೆ ನಿಂತು ಈ ಮಾತು ಆ ಕಡೆ ದಾಟಿಸುತ್ತಿದ್ದವಳು ಈಗ ಇಲ್ಲ.

ಮಗ ಬರುವ ಸುದ್ದಿಯನ್ನು ಊಟದ ಹೊತ್ತಿಗೆ ಹೇಳಿದರು. ಅಳಿಯ ತಟ್ಟೆ ನೋಡುತ್ತ ಹೌದಾ ಎಂದ. ಕೈ ತೊಳೆದು ಬಂದು, ಎಷ್ಟೋ ದಿನಗಳಿಂದ ಮುಟ್ಟದಿದ್ದ ಟಿವಿ ಹಾಕಿ ಆಟ ತೆರೆದ. ಆಟ ನಡೆಸುವ, ಗುಂಡಿಗಳಿರುವ ಕೈಪೆಟ್ಟಿಗೆ ಎರಡಿದ್ದವು. ಒಂದನ್ನು ಅತ್ತೆಯ ಮಡಿಲಲ್ಲಿಟ್ಟ.

ಕೆಂಪು ಹೊದಿಕೆಯ ಹೆಂಗಸು ತೆರೆಯ ಮೇಲೆ ನಿಂತಿದ್ದಳು, ಉಸಿರಾಡುತ್ತಿದ್ದಳು. ಇಸ್ತ್ರಿಯಮ್ಮ ಅವಳನ್ನು ನೋಡಿದರು. ಏನೂ ಅನಿಸಲಿಲ್ಲ. ಅವಳನ್ನೂ ವೈದ್ಯನನ್ನೂ ನಡೆಸುವ ಕೆಲಸ ಅಳಿಯ ತಾನೇ ಇಟ್ಟುಕೊಂಡು, ಗುರಾಣಿಯವಳನ್ನೂ ಕಳ್ಳನನ್ನೂ ಇವರಿಗೆ ಬಿಟ್ಟ. ಮೊದಲ ದಿನ ಗುರಾಣಿಯವಳು ಗೋಡೆಗೆ ಮುಖ ಮಾಡಿ ನಿಂತವಳು ತಿರುಗಲೇ ಇಲ್ಲ. ಎರಡನೆಯ ದಿನ ಕಳ್ಳ ಕೆರೆಗೆ ಬಿದ್ದ. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂತಿತ್ತು ಇಬ್ಬರ ಆಟ. ಕಲಿಯುವ ತನಕ ಬ್ರಹ್ಮವಿದ್ಯೆ ಎಂದುಕೊಂಡು ಇಸ್ತ್ರಿಯಮ್ಮ ಹೆಬ್ಬೆರಳು ಒತ್ತುತ್ತಲೇ ಇದ್ದರು. ಸೋತರೂ ಚಿಂತೆಯಿರಲಿಲ್ಲ. ಹೇಗಿದ್ದರೂ ಕೆಂಪು ಹೊದಿಕೆಯವಳು ಮುಂದೆ ನುಗ್ಗಿ ಎಲ್ಲವನ್ನೂ ಮುಗಿಸುತ್ತಿದ್ದಳು.

ಕೋಟೆಯ ಅಂಗಳದಲ್ಲಿ ಅದು ನಡೆಯಲಿಲ್ಲ. ಅಲ್ಲಿ ಶತ್ರುಗಳು ನಾಲ್ಕೂ ಕಡೆಯಿಂದ ಬರುತ್ತಾರೆ. ಅವಳು ಒಂದು ಕಡೆ ತಡೆಯುವಷ್ಟರಲ್ಲಿ ಉಳಿದ ಮೂವರು ಒಂದೊಂದೇ ಏಟಿಗೆ ನೆಲ ಕಚ್ಚುತ್ತಿದ್ದರು. ಗುರಾಣಿಯವಳಿಗೆ ಗುರಾಣಿ ಎತ್ತಲೂ ಬಾರದು. ವೈದ್ಯನಿಗೆ ಬಟ್ಟೆ ಸುತ್ತುವುದಕ್ಕಿಂತ ಹೆಚ್ಚಿನ ಮದ್ದು ಗೊತ್ತಿಲ್ಲ. ಮತ್ತೆ ಆಡಿದರು, ಮತ್ತೆ ಸತ್ತರು. ಅಳಿಯ ಮತ್ತೆ ಅದೇ ಅಂಗಳಕ್ಕೆ ನಡೆದ, ಕೆಂಪು ಹೊದಿಕೆಯವಳನ್ನು ಮುಂದಿಟ್ಟುಕೊಂಡು.

ಇಸ್ತ್ರಿಯಮ್ಮನಿಗೆ ಬಟ್ಟೆ ಕೋಣೆ ನೆನಪಾಯಿತು. ಪಳಗಿದವಳೊಬ್ಬಳು ಉರುಳೆಯ ಮುಂದಿದ್ದರೆ ಹೊಸಬಳ ಕೈ ಎಂದಿಗೂ ತಿರುಗುವುದಿಲ್ಲ. ಅಂಥ ಪಳಗಿದವಳನ್ನು ಅವರು ಒಂದಷ್ಟು ದಿನ ಟವೆಲ್ ಜೋಡಿಸಲು ಉಗ್ರಾಣಕ್ಕೆ ಕಳಿಸಿಬಿಡುತ್ತಿದ್ದರು. ಹೊಸಬಳು ಬೆರಳು ಸುಟ್ಟುಕೊಂಡು, ಅತ್ತು, ಕಲಿಯುತ್ತಿದ್ದಳು. ಈ ಆಟದಲ್ಲೂ ಊರಾಚೆ ಒಂದು ಛತ್ರವಿತ್ತು. ತಂಡದವರನ್ನು ಬೇಕಾದಾಗ ಅಲ್ಲಿ ಬಿಡಬಹುದಿತ್ತು. ಬಿಟ್ಟವರು ಬೆಂಕಿಯ ಮುಂದೆ ಕೂತಿರುತ್ತಾರೆ, ಎಷ್ಟು ದಿನವಾದರೂ.

"ಅವಳನ್ನ ಸ್ವಲ್ಪ ದಿನ ಅಲ್ಲಿ ಕೂರಿಸಿ" ಎಂದರು ಇಸ್ತ್ರಿಯಮ್ಮ. "ಅವಳಿದ್ರೆ ನಾವು ಮೂರು ಜನ ಕಲಿಯಲ್ಲ."

ಅಳಿಯ ಕೈಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಎದ್ದು ಒಳಗೆ ಹೋದ. ಬಾಗಿಲು ಬಡಿಯಲಿಲ್ಲ, ಮೆಲ್ಲಗೆ ಹಾಕಿಕೊಂಡ. ಬಡಿದಿದ್ದರೇ ಚೆನ್ನಾಗಿತ್ತು. ಹೆತ್ತ ತಾಯಿಯಾಗಿ ಎಂಥ ಮಾತಾಡಿದೆ ಎಂದು ಇಸ್ತ್ರಿಯಮ್ಮ ತಮ್ಮನ್ನೇ ಕೇಳಿಕೊಂಡರು. ನಾಚಿಕೆಯಾಗಬೇಕಿತ್ತು, ಅದೂ ಆಗಲಿಲ್ಲ. ಮಾರನೆಯ ದಿನ ಬ್ಯಾಗು ಕಟ್ಟಿದರು. ಇನ್ನು ಇವನು ‘ಇರಿ’ ಎನ್ನುವ ಮಾತೇ ಇಲ್ಲ ಎಂದು ಖಚಿತವಾಗಿತ್ತು.

ಶನಿವಾರ ಸಂಜೆ ಅವನೇ ಬಂದು ಟಿವಿ ಹಾಕಿದ. ತಂಡವನ್ನು ಛತ್ರಕ್ಕೆ ನಡೆಸಿದ. ಇವಳನ್ನು ತಂಡದಿಂದ ಬಿಡಬೇಕೇ ಎಂದು ಆಟ ಕೇಳಿತು. ಅವನ ಹೆಬ್ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತು. ಕೊನೆಗೆ ಕೈಪೆಟ್ಟಿಗೆಯನ್ನು ಅತ್ತೆಯ ಕಡೆ ಚಾಚಿದ. ಇಸ್ತ್ರಿಯಮ್ಮ ಒತ್ತಿದರು. ಕೆಂಪು ಹೊದಿಕೆಯವಳು ನಡೆದು ಹೋಗಿ ಬೆಂಕಿಯ ಮುಂದೆ ಬೆನ್ನು ತಿರುಗಿಸಿ ಕೂತಳು.

ಮುಂದೆ ಯಾರು ನಿಲ್ಲುವುದು ಎಂದು ಅವನು ಕೇಳಿದ. ಗುರಾಣಿ ನನ್ನ ಹತ್ತಿರ ತಾನೇ ಇರುವುದು ಎಂದರು ಇಸ್ತ್ರಿಯಮ್ಮ. ಕೋಟೆಯ ಗೊಡವೆಗೆ ಹೋಗದೆ ಕಾಡಿನಂಚಿಗೆ ಹೋದರು. ಬಡಕಲು ತೋಳವೊಂದು ಸಾಕಾಯಿತು ಇವರಿಗೆ ಬುದ್ಧಿ ಕಲಿಸಲು. ಗುರಾಣಿಯವಳು ಹೊಡೆತದ ಮೇಲೆ ಹೊಡೆತ ತಿಂದಳು, ವೈದ್ಯ ತಡಬಡಾಯಿಸಿ ಮದ್ದು ಹಾಕಿದ, ಕಳ್ಳ ಮರ ಹತ್ತಿ ಕೂತ. ಹೇಗೋ ತೋಳ ಸತ್ತಿತು. ಗುರಾಣಿ ವಿದ್ಯೆ ಏರಿತು ಎಂದು ತೆರೆಯ ಮೇಲೆ ಬಂತು, ಮದ್ದಿನ ವಿದ್ಯೆಯೂ ಏರಿತು ಎಂದು ಬಂತು. ಇಬ್ಬರೂ ಅದನ್ನು ಓದಿದರು. ಸಂತೋಷವೇನೂ ಆಗಲಿಲ್ಲ, ಇನ್ನೊಂದು ತೋಳ ಹುಡುಕಿಕೊಂಡು ಹೋದರು.

ಭಾನುವಾರ ಮಗ ಬಂದ. ಚಹಾ ಕುಡಿದು, ಬ್ಯಾಗು ಎಲ್ಲಿ ಎಂದ. ಇಸ್ತ್ರಿಯಮ್ಮ ಬಾಗಿಲ ಬಳಿ ತೋರಿಸಿದರು. ಅವನು ಹಿಡಿಕೆಗೆ ಕೈ ಹಾಕಿದಾಗ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಅಳಿಯ ಗಂಟಲು ಸರಿಮಾಡಿಕೊಂಡ.

"ಅತ್ತೆ ಇಲ್ಲೇ ಇರ್ಲಿ" ಎಂದ.

ಮಗ ಬ್ಯಾಗು ಬಿಟ್ಟು ನೆಟ್ಟಗೆ ನಿಂತ. ಅವನಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು. "ಯಾವ ಲೆಕ್ಕದಲ್ಲಿ ಭಾವ? ನಿಮಗಿನ್ನೂ ವಯಸ್ಸಿದೆ. ನಾಳೆ ಇನ್ನೊಂದು ಮದುವೆ ಆಗ್ತೀರ. ಆಗ ಅಮ್ಮ ಎಲ್ಲಿಗೆ ಹೋಗ್ಬೇಕು?"

ಮುಖಕ್ಕೆ ಹೊಡೆದಂಥ ಮಾತು. ಅಳಿಯನ ಮುಖ ಬಿಳಿಚಿತು. ಮಗನ ಬಾಯಿ ಮುಚ್ಚಿಸುವುದು ಇಸ್ತ್ರಿಯಮ್ಮನಿಗೆ ಒಂದು ಕ್ಷಣದ ಕೆಲಸ. ಅಂಥ ನೂರು ಬಾಯಿ ಮುಚ್ಚಿಸಿದವರು ಅವರು. ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು. ಅಳಿಯನೇ ಹೇಳಲಿ, ಬರದಿದ್ದರೂ ಹೇಳಲಿ ಎಂದು ಕೈ ಕಟ್ಟಿ ನಿಂತರು. ಅಷ್ಟು ಕಷ್ಟದ ಕೆಲಸವನ್ನು ಅವರು ಬಟ್ಟೆ ಕೋಣೆಯಲ್ಲೂ ಮಾಡಿರಲಿಲ್ಲ.

"ನಾಳೆದು ನಂಗೊತ್ತಿಲ್ಲ" ಎಂದ ಅಳಿಯ ಕೊನೆಗೆ. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡುತ್ತಿದ್ದ. "ಅತ್ತೆ ಹೋದ್ರೆ ಅವಳ ವಿಷ್ಯ ಮಾತಾಡೋಕೆ ಇಲ್ಲಿ ಯಾರೂ ಇರಲ್ಲ. ನಾವಿಬ್ರೂ ಇನ್ನೂ ಒಂದ್ ಮಾತೂ ಆಡಿಲ್ಲ ಅವಳ ಬಗ್ಗೆ. ಶುರುನೇ ಮಾಡಿಲ್ಲ." ಆಮೇಲೆ ಮಗನನ್ನು ಬಿಟ್ಟು ಇಸ್ತ್ರಿಯಮ್ಮನನ್ನು ನೋಡಿದ. "ಹೋಗ್ಬೇಡಿ ಅತ್ತೆ."

ಇಸ್ತ್ರಿಯಮ್ಮ ಕುರ್ಚಿ ಎಳೆದುಕೊಂಡು ಕೂತರು. ನಾನು ಬರುವುದಿಲ್ಲ, ನೀನು ಊಟ ಮಾಡಿಕೊಂಡು ಹೋಗು ಎಂದು ಮಗನಿಗೆ ಹೇಳಿದರು. ಹಾಗಾದರೆ ಶುರು ಮಾಡಬೇಕು, ಯಾರಾದರೊಬ್ಬರು ಶುರು ಮಾಡಬೇಕು ಎಂದುಕೊಂಡು ಇಸ್ತ್ರಿಯಮ್ಮ ಅಳಿಯನನ್ನು ಕೇಳಿದರು. "ನಿಮ್ಮ ಹತ್ರ ಅವಳು ನನ್ನ ಬಗ್ಗೆ ಏನಂತಿದ್ಲು?"

ಅಳಿಯ ಯೋಚಿಸಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಪ್ರಾಣಿ.

"ಬೈತಿದ್ಲು" ಎಂದ. "ಅಮ್ಮ ಒಂದು ಲೋಟನೂ ತೊಳೆಯಲ್ಲ, ಎಲ್ಲಾ ನನ್ನ ತಲೆ ಮೇಲೇ ಅಂತ."

ಬಿಡಮ್ಮ, ನಾನೇ ಮಾಡ್ತೀನಿ ಎಂದು ಕೈಯಿಂದ ಪಾತ್ರೆ ಕಿತ್ತುಕೊಳ್ಳುತ್ತಿದ್ದವಳು. ಇಸ್ತ್ರಿಯಮ್ಮನಿಗೆ ನೋವಾಯಿತು. ಎದೆಯ ನಡುವೆ, ನೇರವಾಗಿ, ಸರಿಯಾಗಿ ನೋವಾಯಿತು. ಮಗಳು ಸತ್ತು ಹೋಗಿದ್ದಾಳೆ, ಇನ್ನು ಅವಳೊಡನೆ ಜಗಳವಾಡಲು ಕೂಡ ಆಗುವುದಿಲ್ಲ ಎಂದು ಆಗ ತಿಳಿಯಿತು.

"ನಿಮ್ಮ ಬಗ್ಗೆ ನನ್ನ ಹತ್ರಾನೂ ಅದನ್ನೇ ಅಂತಿದ್ಲು" ಎಂದರು. ಅಷ್ಟು ಹೇಳಿ ಜೋರಾಗಿ ಅತ್ತರು. ಅಳಿಯ ಅಲ್ಲೇ ಹೊಸ್ತಿಲ ಮೇಲೆ ಕೂತ, ಅವನೂ ಅಳುತ್ತಿದ್ದ. ಮಗ ಏನು ಮಾಡಬೇಕೆಂದು ತಿಳಿಯದೆ ಬ್ಯಾಗನ್ನು ಎತ್ತಿ ಒಳಗಿನ ಕೋಣೆಯಲ್ಲಿಟ್ಟು ಬಂದ.