ಸೊಂಟದ ನಾಲ್ಕು ಹೊಲಿಗೆ

ಬೀದಿಯ ಕೊನೆಯ ಟೈಲರಮ್ಮನ ಕಣ್ಣಳತೆ ಎಂದರೆ ಎಂಥದ್ದು ಅಂತೀರಿ! ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಟೇಪು ಹಿಡಿಯುವ ಮೊದಲೇ ಸೊಂಟ ಎಷ್ಟೆಂದು ಹೇಳಿಬಿಡುತ್ತಿದ್ದಳು. ಒಮ್ಮೆ ಹೊಸದಾಗಿ ಮದುವೆಯಾದವಳಿಗೆ, "ಸ್ವಲ್ಪ ಸಡಿಲ ಇಡ್ಲೇನಮ್ಮ?" ಎಂದು ಕೇಳಿ, ಗಂಡನಿಗೂ ಗೊತ್ತಿಲ್ಲದ ಗುಟ್ಟನ್ನು ರಟ್ಟು ಮಾಡಿದ್ದಳು.

ಅಂಥ ಕಣ್ಣು ಮನೆಯಲ್ಲೇ ಮೋಸ ಹೋಯಿತು.

ಮಗಳಿಗೆ ಹದಿನಾರು. ಓಟದ ಹುಚ್ಚು, ಶಾಲೆಯಲ್ಲೆಲ್ಲ ಚಿಗರೆ ಎಂದೇ ಹೆಸರು. ಮೈ ಹಗುರಾದಷ್ಟೂ ಕಾಲು ಚುರುಕು ಎಂದು ಯಾರೋ ಕಿವಿಯೂದಿದ್ದರು. ಬೆಳಿಗ್ಗೆ ಓಟ, ಸಂಜೆ ಓಟ, ತಟ್ಟೆಯಲ್ಲಿ ಮಾತ್ರ ನಾಲ್ಕೇ ತುತ್ತು. "ಅಮ್ಮ, ಸ್ಕರ್ಟು ಜಾರ್ತಿದೆ, ಬಿಗಿ ಮಾಡ್ಕೊಡು" ಎಂದಾಗಲೆಲ್ಲ ತಾಯಿ ಹೆಮ್ಮೆಯಿಂದಲೇ ಸೊಂಟಕ್ಕೆ ಇನ್ನೊಂದು ಹೊಲಿಗೆ ಹಾಕಿದಳು. ವರ್ಷದಲ್ಲಿ ನಾಲ್ಕು ಸಲ. "ಮುಟ್ಟು ಸರಿಯಾಗಿ ಆಗ್ತಿದೆಯೇನೆ?" ಎಂದು ಒಮ್ಮೆ ಕೇಳಿದ್ದೂ ಉಂಟು.

"ಹಿಂದೆ ಮುಂದೆ ಆಗತ್ತಮ್ಮ."

ಈ ವಯಸ್ಸಿಗೆ ಎಲ್ಲರಿಗೂ ಹಾಗೇ ಎಂದುಕೊಂಡು ಮತ್ತೆ ಮಷೀನು ತುಳಿದಳು.

ಕಳೆದ ವಾರ ಮಗಳು ಬಿದ್ದದ್ದೂ ಇಲ್ಲ, ಎಡವಿದ್ದೂ ಇಲ್ಲ. ಓಡುತ್ತಿದ್ದಂತೆಯೇ ಮೊಣಕಾಲ ಕೆಳಗಿನ ಮೂಳೆ ಬಿರುಕು ಬಿಟ್ಟಿತು.

ಕಾಲಿಗೆ ಕಟ್ಟು ಹಾಕಿದ ಡಾಕ್ಟರಮ್ಮ, "ಮುಟ್ಟಾಗಿ ಎಷ್ಟು ದಿನ ಆಯ್ತು?" ಎಂದು ಕೇಳಿದರು. ಮಗಳು ಗೋಡೆ ನೋಡುತ್ತ, "ಎಂಟು ತಿಂಗಳು" ಎಂದಳು. ಡಾಕ್ಟರಮ್ಮ ತಾಯಿಯ ಕಡೆ ತಿರುಗಿದರು.

"ಶುರುವಾದ ಹೊಸದ್ರಲ್ಲಿ ಏರುಪೇರು ಇರತ್ತೆ. ಸರಿಯಾಗಿ ಆಗ್ತಿದ್ದದ್ದು ನಿಂತ್ರೆ ಮೂರು ತಿಂಗಳಿಗೇ ತೋರಿಸ್ಬೇಕಿತ್ತು. ಅಷ್ಟು ಓಡಿ ಇಷ್ಟೇ ತಿಂದ್ರೆ ಮೈ ಮುಟ್ಟನ್ನ ನಿಲ್ಲಿಸಿಬಿಡತ್ತೆ. ಮೂಳೆನೂ ಸವೆಯತ್ತೆ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮನೆಗೆ ಬಂದವಳೇ ಟೈಲರಮ್ಮ ಸ್ಕರ್ಟನ್ನು ತೊಡೆಯ ಮೇಲೆ ಹರಡಿಕೊಂಡು, ಬ್ಲೇಡಿನ ತುದಿಯಿಂದ ಹೊಲಿಗೆ ಬಿಚ್ಚತೊಡಗಿದಳು. ಊರವರ ಮೈಯೆಲ್ಲ ಅಳೆದವಳು, ಹೆತ್ತ ಮಗಳ ಮೈ ಕರಗುತ್ತಿದ್ದರೆ ಕೈಯಾರೆ ಬಿಗಿ ಮಾಡುತ್ತ ಕೂತಿದ್ದೆನಲ್ಲ ಎಂದು ಅವಳಿಗೆ ಅಳು ಒತ್ತರಿಸಿ ಬಂತು. ಎರಡು ಹೊಲಿಗೆ ಬಿಚ್ಚಿದ್ದಳು. ಅಷ್ಟರಲ್ಲಿ ಮಗಳು ಕುಂಟುತ್ತ ಬಂದು ಸ್ಕರ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಿಚ್ಬೇಡಮ್ಮ, ನಿನ್ನ ದಮ್ಮಯ್ಯ. ನಾನು ಮತ್ತೆ ದಪ್ಪ ಆಗ್ಬಿಟ್ರೆ ಓಡಕ್ಕಾಗಲ್ಲ."

ಬ್ಲೇಡು ಹಿಡಿದ ಕೈ ಅಲ್ಲೇ ನಿಂತಿತು. ಎದುರಿಗಿದ್ದ ಮಗಳ ಮಣಿಕಟ್ಟನ್ನು ಟೈಲರಮ್ಮನ ಕಣ್ಣು ತಾನಾಗಿಯೇ ಅಳೆಯಿತು. ಏಳು ವರ್ಷದ ಮಗುವಿನ ಅಂಗಿಯ ತೋಳಿಗೆ ಅವಳು ಇಡುತ್ತಿದ್ದ ಅಳತೆ ಅದು.